ಸೆಟ್‌ಟಾಪ್ ಬಾಕ್ಸ್ ಮತ್ತು ಮನೆಯ ಮೀಡಿಯಾ ಕಂಪ್ಯೂಟರ್: ಜೋಡಿಸಲು ಯಾವ ದಾರಿ ಸರಿ?

ಟಿವಿಯ ಕೆಳಗಿನ ಗೂಡಿನಲ್ಲಿ ಡಿಟಿಎಚ್ ಅಥವಾ ಕೇಬಲ್‌ನ ಸೆಟ್‌ಟಾಪ್ ಬಾಕ್ಸ್, ಅದರ ಪಕ್ಕದಲ್ಲೇ ಹಳೆಯ ಸಿನಿಮಾ, ಯಕ್ಷಗಾನದ ರೆಕಾರ್ಡಿಂಗ್, ಮದುವೆ-ಮುಂಜಿಯ ವಿಡಿಯೊ ಎಲ್ಲ ತುಂಬಿಟ್ಟ ಪುಟ್ಟ ಕಂಪ್ಯೂಟರ್. ಎರಡನ್ನೂ ಸೇರಿಸಿಬಿಟ್ಟರೆ ಧಾರಾವಾಹಿಯನ್ನು ರೆಕಾರ್ಡ್ ಮಾಡಿಕೊಂಡು ಬೇಕಾದಾಗ ನೋಡಬಹುದು, ಒಂದೇ ಮೆನುವಿನಲ್ಲಿ ಎಲ್ಲ ಸಿಗುತ್ತದೆ ಎಂಬ ಯೋಚನೆ ಸಹಜ. ಜೋಡಿಸುವ ದಾರಿಗಳು ನಾಲ್ಕೈದಿವೆ. ಸಾಮಾನ್ಯವಾಗಿ ಅವುಗಳನ್ನು ಬೆಲೆಯ ಮೇಲೆ ಹೋಲಿಸುತ್ತಾರೆ. ಬೆಲೆ ಕೊನೆಗೆ ನೋಡಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಮೊದಲು ನೋಡಬೇಕಾದವು ಎರಡು: ನೀವು ನೋಡುವ ಚಾನೆಲ್‌ಗಳಿಗೆ ಬೀಗ ಎಲ್ಲಿ ಬಿದ್ದಿದೆ, ಮತ್ತು ಮನೆಯಲ್ಲಿ ರಿಮೋಟ್ ಹಿಡಿಯುವವರು ಯಾರು.

ಬೀಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೇಬಲ್ ಟಿವಿ ಅನಲಾಗ್ ಇದ್ದ ಕಾಲದಲ್ಲಿ ಗೋಡೆಯಿಂದ ಬರುವ ವೈರನ್ನು ಕಂಪ್ಯೂಟರಿನೊಳಗಿನ, ಚಾನೆಲ್ ಹಿಡಿಯುವ ಟಿವಿ ಟ್ಯೂನರ್ ಕಾರ್ಡಿಗೆ ಚುಚ್ಚಿದರೆ ಸಾಕಿತ್ತು, ಎಲ್ಲ ಚಾನೆಲ್ ಬರುತ್ತಿದ್ದವು. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ 31ರ ಗಡುವಿನೊಂದಿಗೆ ಕೇಬಲ್ ಡಿಜಿಟಲ್ ಆಯಿತು, ಉಳಿದ ಊರುಗಳಿಗೆ ಮುಂದಿನ ವರ್ಷಗಳಲ್ಲಿ ಅದೇ ನಿಯಮ ಬಂತು. ಅಂದಿನಿಂದ ಹಣ ಕೊಟ್ಟು ನೋಡುವ ಚಾನೆಲ್‌ಗಳು ಎನ್‌ಕ್ರಿಪ್ಟ್ ಆಗಿ (ಗೂಢಲಿಪಿಯಲ್ಲಿ) ಬರುತ್ತವೆ, ಅದನ್ನು ಬಿಚ್ಚುವುದು ಬಾಕ್ಸ್ ಮಾತ್ರ. ಇದು ಮೊದಲನೇ ಬೀಗ. ಬಾಕ್ಸ್ ಬಿಚ್ಚಿದ ಚಿತ್ರ ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಹೋಗುವಾಗ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗ ಬೀಳುತ್ತದೆ. ಇದು ಎರಡನೆಯದು. ಒಂದೊಂದು ದಾರಿಯ ಯೋಗ್ಯತೆಯೂ ಈ ಎರಡು ಬೀಗಗಳಲ್ಲಿ ಯಾವುದು ಅದಕ್ಕೆ ಅಡ್ಡ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ಬಾಕ್ಸಿನ ಚಿತ್ರವನ್ನು ಕಂಪ್ಯೂಟರಿನೊಳಗೆ ತರುವ ಅಗತ್ಯವೇ ಇಲ್ಲ, ಎರಡನ್ನೂ ಟಿವಿಗೆ ಬೇರೆ ಬೇರೆಯಾಗಿ ಕೊಟ್ಟು ರಿಮೋಟನ್ನು ಮಾತ್ರ ಒಂದು ಮಾಡಿಕೊಳ್ಳುವುದು ಒಳ್ಳೆಯದು. ರೆಕಾರ್ಡಿಂಗ್ ನಿಜಕ್ಕೂ ಬೇಕು, ನೋಡುವುದು ಉಚಿತ ಚಾನೆಲ್ ಎಂದರೆ ಬಾಕ್ಸನ್ನೇ ಬಿಟ್ಟು ಟ್ಯೂನರ್ ಕಾರ್ಡ್ ಹಾಕಿಸಿ. ಬಾಕ್ಸಿನ ಚಿತ್ರವನ್ನು ಕಂಪ್ಯೂಟರಿನೊಳಗೆ ಇಳಿಸುವ, ಕ್ಯಾಪ್ಚರ್ ಡಿವೈಸ್ ಎಂದು ಮಾರುವ ಸಾಮಾನಿಗೆ ಕೈ ಹಾಕಬೇಕಾದ್ದು ಇವೆರಡೂ ಒಗ್ಗದಿದ್ದಾಗ.

ಎರಡು ಎಚ್‌ಡಿಎಂಐ, ಒಂದೇ ರಿಮೋಟ್

ಈಗಿನ ಟಿವಿಗಳಲ್ಲಿ ಎರಡಾದರೂ ಎಚ್‌ಡಿಎಂಐ ಪೋರ್ಟ್ ಇರುವುದು ಸಾಮಾನ್ಯ. ಒಂದಕ್ಕೆ ಬಾಕ್ಸ್, ಇನ್ನೊಂದಕ್ಕೆ ಕಂಪ್ಯೂಟರ್. ಬೀಗಗಳ ತಂಟೆಯೇ ಇಲ್ಲ, ಚಿತ್ರದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಕಂಪ್ಯೂಟರ್ ಕೈಕೊಟ್ಟ ದಿನವೂ ಟಿವಿ ನಡೆಯುತ್ತದೆ. ಕಷ್ಟ ಇರುವುದು ಟೀಪಾಯಿಯ ಮೇಲೆ ಸಾಲಾಗಿ ಬಿದ್ದ ರಿಮೋಟುಗಳಲ್ಲಿ. ‘ಇನ್‌ಪುಟ್ ಬದಲಿಸು’ ಎಂದರೆ ಮನೆಯ ಹಿರಿಯರು ಸೆಟ್ ಆರಿಸಿ ಎದ್ದು ಹೋಗುತ್ತಾರೆ.

ಇದಕ್ಕೆ ಮದ್ದು ಎಚ್‌ಡಿಎಂಐ ತಂತಿಯೊಳಗೇ ಇದೆ. ಸಿಇಸಿ ಎಂಬ ಸೌಲಭ್ಯದಿಂದ ಟಿವಿಯ ರಿಮೋಟಿನ ಒತ್ತುಗಳು ಅದೇ ತಂತಿಯಲ್ಲಿ ಹಿಂದಕ್ಕೆ ಹೋಗಿ ಕಂಪ್ಯೂಟರನ್ನು ನಡೆಸುತ್ತವೆ. ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ ಎಂದೇ ಹುಡುಕಿದರೆ ಸಿಗಲಿಕ್ಕಿಲ್ಲ: ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಅದನ್ನು ಆನ್ ಮಾಡಿ. ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡ್ ಆಗಿದ್ದರೆ ಸಿಇಸಿ ಅದರೊಳಗೇ ಇರುತ್ತದೆ. ಅದಕ್ಕೆ ಲಿಬ್ರೆಎಲೆಕ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿ, ಕೋಡಿ ಎಂಬ ಮೀಡಿಯಾ ಪ್ಲೇಯರ್ ನಡೆಸಿದರೆ ಟಿವಿ ರಿಮೋಟಿನ ಬಾಣದ ಗುಂಡಿಗಳೇ ಸಾಕು. ಪೈಗೆ ಎರಡು ಎಚ್‌ಡಿಎಂಐ ಪೋರ್ಟ್ ಇದ್ದರೆ ಪವರ್ ಪಿನ್ನಿನ ಪಕ್ಕದ ಪೋರ್ಟನ್ನೇ ಬಳಸಿ. ಮಾಮೂಲಿ ಪಿಸಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಮಾತ್ರ ಸಿಇಸಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಪಲ್ಸ್-ಎಯ್ಟ್‌ನ ಯುಎಸ್‌ಬಿ ಅಡಾಪ್ಟರ್ ಬರುತ್ತದೆ, ತಂತಿಯ ನಡುವೆ ಕೂರಿಸಬೇಕು. ಅಷ್ಟು ಖರ್ಚು ಬೇಡ ಎನ್ನುವವರು ರಿಮೋಟಿನ ಬೆಳಕನ್ನು ಹಿಡಿಯುವ ಯುಎಸ್‌ಬಿ ಐಆರ್ (ಇನ್‌ಫ್ರಾರೆಡ್) ರಿಸೀವರ್ ಹಾಕಿ, ಬಾಕ್ಸಿನ ರಿಮೋಟಿನಲ್ಲಿ ಬಳಕೆಯಾಗದೆ ಉಳಿದ ಬಣ್ಣದ ಗುಂಡಿಗಳನ್ನು ಕೋಡಿಗೆ ಕಲಿಸಬಹುದು.

ಈ ದಾರಿಯಲ್ಲಿ ಕಂಪ್ಯೂಟರಿಗೆ ರೆಕಾರ್ಡಿಂಗ್ ಬರುವುದಿಲ್ಲ ಎಂಬುದೊಂದೇ ಕೊರತೆ. ಅದನ್ನು ದೊಡ್ಡದು ಎಂದುಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಹಾಕಿ. ನೀವು ನೋಡುವ ಧಾರಾವಾಹಿ ಆ ವಾಹಿನಿಯವರ ಆ್ಯಪ್‌ನಲ್ಲೂ ಸಿಗುತ್ತಿದ್ದರೆ, ಅದನ್ನು ರೆಕಾರ್ಡ್ ಮಾಡುವುದಕ್ಕೆ ಇಷ್ಟೆಲ್ಲ ತಂತಿ ಎಳೆಯುವುದು ವ್ಯರ್ಥ. ಲಿನಕ್ಸ್ (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರಿನ ಬ್ರೌಸರಿನಲ್ಲಿ ಈ ಸೇವೆಗಳ ಚಿತ್ರ ಅನೇಕ ಸಲ ಕಡಿಮೆ ಗುಣಮಟ್ಟದಲ್ಲೇ ನಿಂತುಬಿಡುತ್ತದೆ, ಆದ್ದರಿಂದ ಅವನ್ನು ಟಿವಿಯ ಸ್ವಂತ ಆ್ಯಪ್‌ನಲ್ಲೋ ಸ್ಟಿಕ್‌ನಲ್ಲೋ ನೋಡುವುದೇ ಲೇಸು.

ಎಚ್‌ಡಿಎಂಐ ಕ್ಯಾಪ್ಚರ್: ಆಕರ್ಷಣೆ ಹೆಚ್ಚು, ತೊಡಕೂ ಹೆಚ್ಚು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಇದನ್ನೇ. ಪೆನ್‌ಡ್ರೈವ್‌ನಷ್ಟು ಉದ್ದದ ಕಡ್ಡಿ, ಒಂದು ತುದಿಯಲ್ಲಿ ಎಚ್‌ಡಿಎಂಐ ಬಾಯಿ, ಇನ್ನೊಂದರಲ್ಲಿ ಯುಎಸ್‌ಬಿ. ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ. ಡ್ರೈವರ್ ಬೇಕಿಲ್ಲ, ವಿಂಡೋಸ್‌ಗೂ ಲಿನಕ್ಸ್‌ಗೂ ಅದು ವೆಬ್‌ಕ್ಯಾಮ್ ಥರ ಕಾಣುತ್ತದೆ, ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರೆ ಚಿತ್ರ ಬರಬೇಕು.

ಬರಬೇಕು ಎಂದೆ, ಬರುತ್ತದೆ ಎನ್ನಲಿಲ್ಲ. ಎರಡನೇ ಬೀಗ ಇಲ್ಲಿ ಅಡ್ಡ ಬರುತ್ತದೆ. ಬಾಕ್ಸ್ ಎಚ್‌ಡಿಸಿಪಿ ಹಾಕಿ ಕಳಿಸಿದರೆ ನಿಯಮ ಪಾಲಿಸುವ ಕ್ಯಾಪ್ಚರ್ ಡಿವೈಸಿನಲ್ಲಿ ಕಪ್ಪು ಪರದೆಯೋ ‘ಸಂರಕ್ಷಿತ ವಿಷಯ’ ಎಂಬ ಸಂದೇಶವೋ ಬರುತ್ತದೆ. ಎಲ್ಗಾಟೊ, ಎವರ್‌ಮೀಡಿಯಾದಂಥ ದುಬಾರಿ ಕಂಪನಿಗಳ ಸಾಮಾನಿನಲ್ಲೂ ಇದೇ ಆಗುತ್ತದೆ. ಕೆಲವು ಬಾಕ್ಸ್‌ಗಳು ಮೆನುವಿಗೂ ಸೇರಿಸಿ ಸದಾ ಬೀಗ ಹಾಕಿರುತ್ತವೆ, ಕೆಲವು ಆಯ್ದ ಚಾನೆಲ್‌ಗಳಿಗೆ ಮಾತ್ರ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಆದ್ದರಿಂದ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ತಂದ ದಿನವೇ ನೀವು ನಿತ್ಯ ನೋಡುವ ಪ್ರತಿ ಚಾನೆಲ್ಲನ್ನೂ ಹಾಕಿ ನೋಡಿ. ಬಾಕ್ಸಿನ ಮೆನು ಕಂಡಿತು ಎಂದು ಡಬ್ಬ ಹರಿದು ಬಿಸಾಡಬೇಡಿ.

ಬೀಗ ತೆಗೆಯುವ ಸ್ಪ್ಲಿಟರ್ ಎಂದು ಗುಟ್ಟಾಗಿ ಮಾರುವವರಿದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿಯ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಧಾರಾವಾಹಿಯ ಒಂದು ಕಂತಿಗಾಗಿ ಆ ತಕರಾರಿನ ಹತ್ತಿರ ಸುಳಿಯುವುದೇಕೆ?

ಚಿತ್ರ ಬಂತು ಎಂದಿಟ್ಟುಕೊಳ್ಳಿ. ಆಗಲೂ ಗಮನಿಸಬೇಕಾದ ಸೂಕ್ಷ್ಮಗಳಿವೆ, ಅವನ್ನು ಡಬ್ಬದ ಮೇಲೆ ಬರೆದಿರುವುದಿಲ್ಲ. ಅಗ್ಗದ ಕಡ್ಡಿಗಳಲ್ಲಿ ಹೆಚ್ಚಿನವು ಎಂಎಸ್2109 ಎಂಬ ಚಿಪ್‌ನವು. ಅದು ಯುಎಸ್‌ಬಿ 2.0 ಚಿಪ್ಪು. ಡಬ್ಬದ ಮೇಲೆ 4ಕೆ ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ಅದು ಒಳಗೆ ಬಿಟ್ಟುಕೊಳ್ಳುವ ಅಳತೆ ಮಾತ್ರ, ಕಂಪ್ಯೂಟರಿಗೆ ಕೊಡುವುದು ಹೆಚ್ಚೆಂದರೆ 1080ಪಿ (1080 ಗೆರೆಗಳ ಚಿತ್ರ), ಸೆಕೆಂಡಿಗೆ 30 ಫ್ರೇಮ್. ಅದೂ ಪ್ರತಿ ಫ್ರೇಮನ್ನು ಜೆಪೆಗ್ ಆಗಿ ಹಿಂಡಿ. ಕಾರಣ ಸರಳ ಗುಣಾಕಾರ: 1920ನ್ನು 1080ರಿಂದ ಗುಣಿಸಿ, ಒಂದು ಪಿಕ್ಸೆಲ್ಲಿಗೆ 2 ಬೈಟ್, ಸೆಕೆಂಡಿಗೆ 30 ಫ್ರೇಮ್ ಎಂದರೆ 124 ಮೆಗಾಬೈಟ್, ಅಂದರೆ ಸುಮಾರು ಒಂದು ಗಿಗಾಬಿಟ್. ಯುಎಸ್‌ಬಿ 2.0ರ ಮಿತಿ 480 ಮೆಗಾಬಿಟ್. ಹಿಂಡದೆ ಹಿಡಿಸುವುದೇ ಇಲ್ಲ. ಯುಎಸ್‌ಬಿ 3.0 ಕಡ್ಡಿಗೆ 5 ಗಿಗಾಬಿಟ್ ದಾರಿ ಇರುವುದರಿಂದ ಅಲ್ಲಿ ಹಿಂಡದ ಚಿತ್ರವೂ ಸಾಗುತ್ತದೆ. ಯುಎಸ್‌ಬಿ 3.0ರ ಗುರುತಾದ ನೀಲಿ ಬಣ್ಣವೊಂದನ್ನೇ ನಂಬಬೇಡಿ, ಯುಎಸ್‌ಬಿ 2.0 ಕಡ್ಡಿಗೆ ನೀಲಿ ಪ್ಲಾಸ್ಟಿಕ್ ಹಾಕಿ ಮಾರುವುದುಂಟು. ಚುಚ್ಚಿದ ಮೇಲೆ ಕಂಪ್ಯೂಟರ್ ಅದನ್ನು ಯಾವ ವೇಗದಲ್ಲಿ ಗುರುತಿಸಿತು ಎಂದು ನೋಡಿದರೆ ಸತ್ಯ ಗೊತ್ತಾಗುತ್ತದೆ.

ನಮ್ಮ ದೇಶದ ಪ್ರಸಾರ 50 ಹರ್ಟ್ಸಿನದು, ಇದನ್ನು ಬಹಳ ಜನ ಮರೆಯುತ್ತಾರೆ. ಎಚ್‌ಡಿ ಚಾನೆಲ್‌ಗಳು ಸೆಕೆಂಡಿಗೆ 50 ಫೀಲ್ಡ್‌ನ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರದ) 1080ಐ. ಕಡ್ಡಿಯನ್ನು 30 ಫ್ರೇಮಿಗೆ ಬಿಟ್ಟರೆ 50ನ್ನು 30ಕ್ಕೆ ಹೊಂದಿಸುವಾಗ ಚಲನೆ ಕುಕ್ಕುತ್ತದೆ. ವಾರ್ತೆ ಓದುವವರ ಮುಖ ನೋಡುವಾಗ ಏನೂ ಗೊತ್ತಾಗುವುದಿಲ್ಲ. ಕ್ರಿಕೆಟ್ ಹಾಕಿ, ಬೌಂಡರಿಗೆ ಓಡುವ ಚೆಂಡಿನ ಹಿಂದೆ ಕ್ಯಾಮೆರಾ ತಿರುಗುವಾಗ ಜಾಹೀರಾತು ಫಲಕದ ಅಕ್ಷರಗಳನ್ನು ನೋಡಿ, ಎಳೆದೆಳೆದು ಹೋಗುತ್ತವೆ. ಪರಿಹಾರ ಇಷ್ಟು: ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ಟನ್ನು 720ಪಿ ಮಾಡಿ, ಕಡ್ಡಿಯನ್ನು 1280×720, 50 ಫ್ರೇಮಿಗೆ ಇಡಿ, ಕಂಪ್ಯೂಟರಿನಿಂದ ಟಿವಿಗೆ ಹೋಗುವ ಔಟ್‌ಪುಟ್ಟನ್ನೂ 50 ಹರ್ಟ್ಸ್‌ಗೆ ಇಳಿಸಿ. ಕೋಡಿಯಲ್ಲಿ ರಿಫ್ರೆಶ್ ರೇಟನ್ನು ವಿಡಿಯೊಗೆ ತಕ್ಕಂತೆ ಬದಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ನಿಮ್ಮ ಸಿನಿಮಾಗಳಿಗೂ ಉಪಕಾರ. ಮೂರೂ ಕಡೆ 50 ಸೇರಿದಾಗ ಚೆಂಡು ನುಣ್ಣಗೆ ಓಡುತ್ತದೆ. 1080ರ ಆಸೆಗೆ ಬಿದ್ದು ಚಲನೆ ಕೆಡಿಸಿಕೊಳ್ಳುವುದಕ್ಕಿಂತ 720ರಲ್ಲಿ ಸರಾಗವಾಗಿ ನೋಡುವುದು ನನಗೆ ಎಷ್ಟೋ ಮೇಲು.

ಧ್ವನಿಯದೂ ಒಂದು ಚೇಷ್ಟೆ ಇದೆ. ಎಂಎಸ್2109 ಚಿಪ್ಪು 48 ಕಿಲೋಹರ್ಟ್ಸ್ ಸ್ಟೀರಿಯೊವನ್ನು 96 ಕಿಲೋಹರ್ಟ್ಸ್ ಮೊನೊ ಎಂದು ತಪ್ಪಾಗಿ ಹೇಳಿಕೊಳ್ಳುತ್ತದೆ. ಎಡ-ಬಲದ ಧ್ವನಿ ಬೆರೆತು ಕೇಳಿದರೆ ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಲಿನಕ್ಸ್‌ನ ಹೊಸ ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿದ್ದಾರೆ. ಬಾಕ್ಸಿನಲ್ಲಿ ಆಡಿಯೊವನ್ನು ಡಾಲ್ಬಿ ಬಿಟ್ಟು ಪಿಸಿಎಂಗೆ (ಹಿಂಡದ ಸಾದಾ ಧ್ವನಿಗೆ) ಇಡುವುದೂ ಅಗತ್ಯ, ಇಲ್ಲವಾದರೆ ಮೌನವೋ ಕರಕರ ಸದ್ದೋ ಬರುತ್ತದೆ.

ಎಚ್‌ಡಿಎಂಐ ಲೂಪ್ ಔಟ್ ಇರುವ ಡಿವೈಸ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಬಾಕ್ಸಿನ ಚಿತ್ರ ಅದರ ಮೂಲಕ ನೇರ ಟಿವಿಗೂ ಹೋಗುತ್ತದೆ, ಕಂಪ್ಯೂಟರಿಗೂ ಬರುತ್ತದೆ. ನೋಡುವವರು ನೋಡುತ್ತಿರಲಿ, ರೆಕಾರ್ಡಿಂಗ್ ತನ್ನ ಪಾಡಿಗೆ ನಡೆಯಲಿ.

ಹಳದಿ, ಬಿಳಿ, ಕೆಂಪು: ಹಳೆಯ ಎವಿ ತಂತಿ

ಎವಿ ತಂತಿಯನ್ನು ಕೀಳಾಗಿ ಕಾಣುವವರು ಬಹಳ. ನಿಮ್ಮ ಪ್ಯಾಕಿನಲ್ಲಿರುವುದು ಎಸ್‌ಡಿ ಚಾನೆಲ್ ಮಾತ್ರ ಎಂದಾದರೆ ಆ ತಾತ್ಸಾರಕ್ಕೆ ಆಧಾರವಿಲ್ಲ. ಎಸ್‌ಡಿ ಚಿತ್ರ ಹುಟ್ಟುವುದೇ 576 ಗೆರೆಗಳಲ್ಲಿ. ಎವಿ ತಂತಿ ಸಾಗಿಸುವುದೂ 576 ಗೆರೆಗಳ ಪಾಲ್ (ನಮ್ಮ ದೇಶದ ಅನಲಾಗ್ ಬಣ್ಣದ ಪದ್ಧತಿ) ಚಿತ್ರವನ್ನೇ. ಬಣ್ಣದ ಅಂಚಿನಲ್ಲಿ ಸಣ್ಣ ಚುಕ್ಕಿಗಳು ಹರಿದಾಡುವುದು, ಗೀಟು ಗೀಟಿನ ಅಂಗಿಯ ಮೇಲೆ ಕಾಮನಬಿಲ್ಲು ಮೂಡುವುದು ಇದ್ದೇ ಇರುತ್ತದೆ. ಆದರೆ ಅಜ್ಜಿಯ ಮಧ್ಯಾಹ್ನದ ಧಾರಾವಾಹಿಗೆ ಅದು ಧಾರಾಳ ಸಾಕು. ಎಚ್‌ಡಿಸಿಪಿ ಈ ತಂತಿಗೆ ಅನ್ವಯಿಸುವುದೂ ಇಲ್ಲ. ಕೆಲವು ಬಾಕ್ಸ್‌ಗಳು ಅನಲಾಗ್ ಕಾಪಿ ತಡೆಯನ್ನು ಸೇರಿಸಿರಬಹುದು. ಹಾಗಿದ್ದರೆ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತ ಇರುತ್ತದೆ, ಆ ದಾರಿ ಬಿಟ್ಟುಬಿಡಿ.

ಈಸಿಕ್ಯಾಪ್ ಎಂಬ ಹೆಸರಿನಲ್ಲಿ ಮಾರುವ ಯುಎಸ್‌ಬಿ ತಂತಿಗಳೊಳಗೆ ಬೇರೆ ಬೇರೆ ಚಿಪ್ ಇರುತ್ತವೆ. ಎಸ್‌ಟಿಕೆ1160 ಅಥವಾ ಯುಟಿವಿ007 ಇದ್ದರೆ ಲಿನಕ್ಸ್‌ನಲ್ಲೇ ಡ್ರೈವರ್ ಇದೆ. ವಿಂಡೋಸ್ 10, 11ರಲ್ಲಿ ಡ್ರೈವರ್ ಹುಡುಕುವ ಕೆಲಸ ತಲೆನೋವಿನದು.

ಇಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿತ್ರ ಕಪ್ಪು-ಬಿಳುಪಾಗಿ, ಮೇಲಿನಿಂದ ಕೆಳಕ್ಕೆ ಉರುಳುತ್ತಿದ್ದರೆ ಸಾಫ್ಟ್‌ವೇರ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ನಿಂತಿದೆ ಎಂದರ್ಥ. ಅದನ್ನು ಪಾಲ್-ಬಿಗೆ ಬದಲಿಸಿದ ಕೂಡಲೆ ಬಣ್ಣ ಬರುತ್ತದೆ. ಇನ್ನೊಂದು, ಈಗಿನ ಚಿಕ್ಕ ಬಾಕ್ಸ್‌ಗಳಲ್ಲಿ ಮೂರು ರಂಧ್ರದ ಬದಲು ಇಯರ್‌ಫೋನ್ ಥರದ ಒಂದೇ 3.5 ಎಂಎಂ ರಂಧ್ರ ಇರುತ್ತದೆ. ಅದಕ್ಕೆ ಹಾಕುವ ಪಿನ್ನಿನ ಉಂಗುರಗಳ ಕ್ರಮ ಎಲ್ಲ ಕಂಪನಿಯದೂ ಒಂದೇ ಅಲ್ಲ. ಬೇರೆ ಬಾಕ್ಸಿನ ತಂತಿ ಹಾಕಿದರೆ ಚಿತ್ರ ಹಳದಿಯಲ್ಲಿ ಬಾರದೆ ಕೆಂಪಿನಲ್ಲಿ ಬಂದು, ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೇಳುವುದುಂಟು. ತಂತಿ ಎಸೆಯುವ ಮೊದಲು ಕೆಂಪು ಪಿನ್ನನ್ನು ಹಳದಿ ರಂಧ್ರಕ್ಕೆ ಚುಚ್ಚಿ ನೋಡಿ.

ಇನ್ನೂ ಹಳೆಯ ಬಾಕ್ಸ್‌ಗಳಲ್ಲಿ ಆರ್‌ಎಫ್ ಔಟ್ (ಆಂಟೆನಾ ವೈರಿನಂತೆ ಸಿಗ್ನಲ್ ಕೊಡುವ ರಂಧ್ರ) ಇರುತ್ತಿತ್ತು. ಅದನ್ನು ಅನಲಾಗ್ ಟ್ಯೂನರ್ ಕಾರ್ಡಿಗೆ ಕೊಡುವ ಕಾಲ ಮುಗಿಯಿತು, ಆ ಕಾರ್ಡ್ ಮನೆಯಲ್ಲಿದ್ದರೂ ಅದಕ್ಕಾಗಿ ಶ್ರಮ ಪಡಬೇಡಿ.

ಚಾನೆಲ್ ಬದಲಿಸುವವರು ಯಾರು?

ಎಚ್‌ಡಿಎಂಐ ಇರಲಿ, ಎವಿ ಇರಲಿ, ಕ್ಯಾಪ್ಚರ್ ಮಾಡುವ ಕಂಪ್ಯೂಟರಿಗೆ ಬಾಕ್ಸ್ ಯಾವ ಚಾನೆಲ್ಲಿನಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ರಾತ್ರಿ ಎಂಟಕ್ಕೆ ಟೈಮರ್ ಇಟ್ಟಿರುತ್ತೀರಿ, ಮಗ ಏಳೂವರೆಗೆ ಬಾಕ್ಸನ್ನು ಕ್ರೀಡೆಯ ಚಾನೆಲ್ಲಿಗೆ ತಿರುಗಿಸಿರುತ್ತಾನೆ. ಕಂಪ್ಯೂಟರ್ ಶ್ರದ್ಧೆಯಿಂದ ಕಬಡ್ಡಿಯನ್ನು ರೆಕಾರ್ಡ್ ಮಾಡುತ್ತದೆ. ಅದಕ್ಕೇ ಐಆರ್ ಬ್ಲಾಸ್ಟರ್ ಬೇಕು. ಕಂಪ್ಯೂಟರಿನ ಆಜ್ಞೆಯಂತೆ ರಿಮೋಟಿನ ಬೆಳಕನ್ನು ಹೊಡೆಯುವ ಪುಟ್ಟ ಎಲ್‌ಇಡಿ ಅದು.

ಬ್ರಾಡ್‌ಲಿಂಕ್‌ನ ವೈಫೈ ಬ್ಲಾಸ್ಟರನ್ನು ಹೋಮ್ ಅಸಿಸ್ಟೆಂಟ್ ಎಂಬ ಮನೆ-ನಿಯಂತ್ರಣ ಸಾಫ್ಟ್‌ವೇರ್ ಮೂಲಕ ನಡೆಸುವುದು ಸುಲಭದ ದಾರಿ. ಕೈಯಲ್ಲಿ ರಾಸ್ಪ್‌ಬೆರಿ ಪೈ ಇದ್ದು ಬೆಸುಗೆ ಹಾಕಲು ಬರುತ್ತಿದ್ದರೆ ಒಂದು 940 ನ್ಯಾನೋಮೀಟರ್ ಐಆರ್ ಎಲ್‌ಇಡಿ, ಒಂದು ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್ ಸಾಕು. ಹೆಚ್ಚಿನ ರಿಮೋಟುಗಳು 36 ಅಥವಾ 38 ಕಿಲೋಹರ್ಟ್ಸಿನಲ್ಲಿ ಮಿಡಿಯುತ್ತವೆ, ರಿಸೀವರಿಗೆ ಅಸಲಿ ರಿಮೋಟ್ ತೋರಿಸಿ ಗುಂಡಿಗಳನ್ನು ಕಲಿಸಬೇಕು. ಎಲ್‌ಇಡಿ ಹೊಳೆಯುತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ನಸು ನೇರಳೆ ಬೆಳಕು ಕಾಣುತ್ತದೆ. ಬಾಕ್ಸಿನ ಕಣ್ಣು ಎಲ್ಲಿದೆ ಎಂದು ಟಾರ್ಚ್ ಬಿಟ್ಟು ಹುಡುಕಿ, ಕಪ್ಪು ಗಾಜಿನ ಹಿಂದೆ ಸಣ್ಣ ಉಬ್ಬು ಕಾಣುವ ಕಡೆ ಎಲ್‌ಇಡಿಯನ್ನು ಅಂಟಿಸಿ.

ಅಂಕಿಗಳನ್ನು ಒಂದೇ ಉಸಿರಿಗೆ ಕಳಿಸಿದರೆ ಬಾಕ್ಸ್ ನಡುವೆ ಒಂದನ್ನು ನುಂಗಿಬಿಡುತ್ತದೆ. ಒಂದೊಂದಕ್ಕೂ ಅರ್ಧ ಸೆಕೆಂಡ್ ಬಿಡಿ. ಎಲ್ಲಕ್ಕಿಂತ ದೊಡ್ಡ ತಲೆನೋವು ಪವರ್ ಗುಂಡಿ. ಆನ್ ಮಾಡಲೂ ಆಫ್ ಮಾಡಲೂ ಒಂದೇ ಸಂಕೇತ ಆದ್ದರಿಂದ, ಬಾಕ್ಸ್ ಮೊದಲೇ ಆನ್ ಇದ್ದರೆ ನಿಮ್ಮ ಟೈಮರ್ ಅದನ್ನು ಆರಿಸಿಬಿಡುತ್ತದೆ. ಬಾಕ್ಸನ್ನು ಸದಾ ಆನ್ ಇಟ್ಟು, ಸೆಟ್ಟಿಂಗ್‌ನಲ್ಲಿ ತಾನಾಗಿ ಸ್ಟ್ಯಾಂಡ್‌ಬೈಗೆ ಹೋಗುವ ಆಯ್ಕೆಯನ್ನು ತೆಗೆದುಹಾಕುವುದೇ ಭದ್ರ. ಆಂಡ್ರಾಯ್ಡ್ ಇರುವ ಹೊಸ ಬಾಕ್ಸ್‌ಗಳ ರಿಮೋಟ್ ಬ್ಲೂಟೂತ್‌ನದಾಗಿರಬಹುದು, ಅಲ್ಲಿ ಐಆರ್ ನಡೆಯದು. ಅವನ್ನು ಮನೆಯ ನೆಟ್‌ವರ್ಕ್ ಮೂಲಕವೇ ಹೋಮ್ ಅಸಿಸ್ಟೆಂಟ್‌ನಿಂದ ನಡೆಸಬಹುದು.

ವಿಂಡೋಸ್ ಮೀಡಿಯಾ ಸೆಂಟರ್ ಇದ್ದಾಗ ಈ ಬ್ಲಾಸ್ಟರ್ ಕೆಲಸವನ್ನೆಲ್ಲ ಅದೇ ಮಾಡಿಕೊಡುತ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಈಗ ಟಿವಿ ರೆಕಾರ್ಡಿಂಗ್‌ಗೆ ವಿಂಡೋಸ್‌ನಲ್ಲಿ ನೆಕ್ಸ್ಟ್‌ಪಿವಿಆರ್, ಲಿನಕ್ಸ್‌ನಲ್ಲಿ ಮಿಥ್‌ಟಿವಿ ಉಳಿದಿವೆ. ಎರಡರಲ್ಲೂ ಚಾನೆಲ್ ಬದಲಿಸುವ ಸ್ಕ್ರಿಪ್ಟನ್ನು ನೀವೇ ಬರೆದು ಕೊಡಬೇಕು. ಬಾಕ್ಸ್ ಒಂದೇ ಇರುವವರೆಗೆ ರೆಕಾರ್ಡಿಂಗ್ ನಡೆಯುವಾಗ ಬೇರೆ ಚಾನೆಲ್ ನೋಡಲಾಗುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡಿ.

ಬಾಕ್ಸೇ ಬೇಡ: ಡಿಡಿ ಫ್ರೀ ಡಿಶ್ ಮತ್ತು ಟ್ಯೂನರ್ ಕಾರ್ಡ್

ನನಗೆ ಹೆಚ್ಚು ಮೆಚ್ಚುಗೆಯಾದ ದಾರಿ ಇದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ದೂರದರ್ಶನದ ಉಚಿತ ಡಿಟಿಎಚ್ ಈಗ ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ. ಚಂದನ ಇದರಲ್ಲಿ ಬರುತ್ತದೆ. ಭಾರತ ತಂಡದ ಮುಖ್ಯ ಪಂದ್ಯಗಳ ಸಿಗ್ನಲನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಇದೆ. ಆ ಹಂಚಿಕೆ ದೂರದರ್ಶನದ ಸ್ವಂತ ಭೂಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಖಾಸಗಿ ಡಿಟಿಎಚ್‌ನಲ್ಲಿ ಡಿಡಿ ಚಾನೆಲ್ಲಿಗೆ ಬಾರದ ಪಂದ್ಯ ಫ್ರೀ ಡಿಶ್‌ನಲ್ಲಿ ಬರುವುದನ್ನು ನೀವೂ ನೋಡಿರುತ್ತೀರಿ.

ಇಲ್ಲಿಯ ಎಂಪೆಗ್-2 (ಹಳೆಯ ಬಗೆಯ ವಿಡಿಯೊ) ಚಾನೆಲ್‌ಗಳಿಗೆ ಮೊದಲನೇ ಬೀಗ ಇಲ್ಲ. ಡಿಶ್‌ನ ವೈರನ್ನು ನೇರವಾಗಿ ಕಂಪ್ಯೂಟರಿನ ಡಿವಿಬಿ-ಎಸ್2 (ಉಪಗ್ರಹದ ಸಿಗ್ನಲ್ ಹಿಡಿಯುವ) ಟ್ಯೂನರಿಗೆ ಕೊಟ್ಟರೆ ಸಾಕು, ಎರಡನೇ ಬೀಗದ ಪ್ರಶ್ನೆಯೇ ಏಳುವುದಿಲ್ಲ. ಕ್ಯಾಪ್ಚರ್‌ನಲ್ಲಿ ಬಾಕ್ಸ್ ಬಿಚ್ಚಿದ ಚಿತ್ರವನ್ನು ಮತ್ತೆ ಹಿಂಡಿ ಉಳಿಸುತ್ತೀರಿ, ಪ್ರತಿ ಸಲ ಹಿಂಡಿದಾಗಲೂ ಗುಣಮಟ್ಟ ಸೋರುತ್ತದೆ, ಕಂಪ್ಯೂಟರಿನ ಪ್ರೊಸೆಸರ್ ದುಡಿಯುತ್ತಿರಬೇಕು. ಟ್ಯೂನರ್ ಆಕಾಶದಿಂದ ಬಂದ ಸ್ಟ್ರೀಮನ್ನು ಹಾಗೇ ಕಡತಕ್ಕೆ ಇಳಿಸುತ್ತದೆ. ಸೆಕೆಂಡಿಗೆ 3 ಮೆಗಾಬಿಟ್‌ನ ಚಾನೆಲ್ ಗಂಟೆಗೆ 1.35 ಜಿಬಿ. 8 ಮೆಗಾಬಿಟ್‌ನಲ್ಲಿ ಎಚ್‌ಡಿಎಂಐ ಕ್ಯಾಪ್ಚರ್ ಮಾಡಿದರೆ ಗಂಟೆಗೆ 3.6 ಜಿಬಿ. ಹಳೆಯ, ನಿಧಾನದ ಕಂಪ್ಯೂಟರ್ ಕೂಡ ಟ್ಯೂನರ್ ಕೆಲಸವನ್ನು ಬೆವರದೆ ಮಾಡುತ್ತದೆ.

ಇನ್ನೂ ದೊಡ್ಡ ಲಾಭವಿದೆ. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರಿನಲ್ಲಿ (ಒಂದು ತರಂಗಾಂತರದ ಪ್ರಸಾರದಲ್ಲಿ) ಹಲವು ಚಾನೆಲ್ ಒಟ್ಟಿಗೆ ಬರುತ್ತವೆ. ಒಂದೇ ಟ್ಯೂನರಿನಿಂದ ಅದರಲ್ಲಿರುವ ಎರಡು-ಮೂರು ಚಾನೆಲ್ಲನ್ನು ಏಕಕಾಲಕ್ಕೆ ರೆಕಾರ್ಡ್ ಮಾಡುತ್ತ ಇನ್ನೊಂದನ್ನು ನೋಡಬಹುದು. ಟಿವಿಹೆಡ್‌ಎಂಡ್ ಎಂಬ ಟಿವಿ ಸರ್ವರ್ ಸಾಫ್ಟ್‌ವೇರ್ ಹಾಕಿದರೆ ಮನೆಯ ಯಾವ ಮೂಲೆಯ ಫೋನಿಗೂ ಚಾನೆಲ್ ಕಳಿಸುತ್ತದೆ, ಕೋಡಿಯಿಂದಲೂ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್‌ನಿಂದಲೂ ಅದನ್ನು ನೋಡಬಹುದು. ಚಾನೆಲ್ ಬದಲಿಸಲು ಎಲ್‌ಇಡಿ ಅಂಟಿಸುವ ಗೋಜೇ ಇಲ್ಲ.

ಡಿಶ್ ಕೂರಿಸುವುದು ಸುಲಭ. ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಕರ್ನಾಟಕದ ನಡುಭಾಗದಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ 60 ಡಿಗ್ರಿಗೂ ಮೇಲೆ. ಸನ್ ಡೈರೆಕ್ಟ್ ಕೂಡ 93.5ರಲ್ಲೇ ಇರುವುದರಿಂದ, ತಾರಸಿಯ ಮೇಲೆ ಬಳಸದೆ ಬಿಟ್ಟ ಸನ್ ಡೈರೆಕ್ಟ್ ಡಿಶ್ ಇದ್ದರೆ ಅದನ್ನು ಅಲ್ಲಾಡಿಸಬೇಕಾದ್ದೂ ಇಲ್ಲ. ಟಿವಿಹೆಡ್‌ಎಂಡ್‌ನ ಸಿದ್ಧ ಪಟ್ಟಿ ಹಳೆಯದಾಗಿದ್ದರೆ ಮಕ್ಸ್‌ಗಳನ್ನು (ಟ್ರಾನ್ಸ್‌ಪಾಂಡರುಗಳ ವಿವರ) ಕೈಯಾರೆ ಬರೆಯಬೇಕು: ಉದಾಹರಣೆಗೆ 11090 ಮೆಗಾಹರ್ಟ್ಸ್, ವರ್ಟಿಕಲ್, ಸಿಂಬಲ್ ರೇಟ್ 29500. ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಮೂತಿ) ಯೂನಿವರ್ಸಲ್ ಎಂದು ಆರಿಸಿ. ಕಾರ್ಯಕ್ರಮಗಳ ವೇಳಾಪಟ್ಟಿ ಎಲ್ಲ ಚಾನೆಲ್ಲಿಗೂ ಪೂರ್ತಿ ಬರುವುದಿಲ್ಲ, ಗಡಿಯಾರದ ಟೈಮರ್ ಇಟ್ಟು ಹಿಂದೆ-ಮುಂದೆ ಐದೈದು ನಿಮಿಷ ಸೇರಿಸಿ.

ಇರುವ ಡಿಶ್‌ನ ವೈರನ್ನು ಮಾಮೂಲಿ ಸ್ಪ್ಲಿಟರಿನಿಂದ ಒಡೆದು ಬಾಕ್ಸಿಗೂ ಕಂಪ್ಯೂಟರಿಗೂ ಕೊಡಲು ಹೋಗಬೇಡಿ. ಎಲ್‌ಎನ್‌ಬಿಗೆ ವರ್ಟಿಕಲ್ ಬೇಕೋ ಹಾರಿಜಾಂಟಲ್ ಬೇಕೋ ಎಂದು ತಿಳಿಯುವುದು ಅದೇ ವೈರಿನಲ್ಲಿ ಹೋಗುವ 13 ಅಥವಾ 18 ವೋಲ್ಟಿನಿಂದ. ಬಾಕ್ಸ್ 18 ಕೊಟ್ಟಾಗ ಕಂಪ್ಯೂಟರ್ 13 ಕೇಳುತ್ತಿದ್ದರೆ ಒಬ್ಬರ ಚಿತ್ರ ಹೋಗುತ್ತದೆ. ಎರಡು ಔಟ್‌ಪುಟ್ಟಿನ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಎರಡು ವೈರ್ ಇಳಿಸಿ.

ತೊಂದರೆ ಇಲ್ಲವೆಂದಲ್ಲ. ಟಿಬಿಎಸ್‌ನಂಥ ಕಂಪನಿಗಳ ಡಿವಿಬಿ-ಎಸ್2 ಟ್ಯೂನರಿಗೆ ಹಲವು ಸಾವಿರ ಬೀಳುತ್ತದೆ, ಬೀದಿಬದಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಲಿನಕ್ಸ್‌ನಲ್ಲಿ ಕೆಲವಕ್ಕೆ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಹಣ ಕೊಡುವ ಚಾನೆಲ್‌ಗಳು ಇದರಲ್ಲಿ ಬರುವುದೇ ಇಲ್ಲ. ‘ನನ್ನ ಬಾಕ್ಸಿನ ಸ್ಮಾರ್ಟ್‌ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ?’ ಎಂದು ಬಹಳ ಜನ ಕೇಳುತ್ತಾರೆ. ಅಮೆರಿಕದಲ್ಲಿ ಕೇಬಲ್‌ಕಾರ್ಡ್ ಎಂಬ ವ್ಯವಸ್ಥೆಯಿಂದ ಅದು ಸಾಧ್ಯವಿತ್ತು. ಅಲ್ಲಿಯೂ ಕೇಬಲ್ ಕಂಪನಿಗಳ ಮೇಲಿದ್ದ ಆ ಕಡ್ಡಾಯವನ್ನು 2020ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಕ ಎಫ್‌ಸಿಸಿ ತೆಗೆದುಹಾಕಿತು, ಹೊಸದಾಗಿ ಅಲ್ಲಿಗೆ ಹೋಗುವ ನಮ್ಮವರು ಆಂಟೆನಾ ಹಾಗೂ ಎಚ್‌ಡಿಹೋಮ್‌ರನ್ ಎಂಬ ಟ್ಯೂನರಿನ ಕಡೆ ನೋಡುವುದೇ ಸರಿ. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 2020ರ ಏಪ್ರಿಲ್‌ನಲ್ಲಿ, ಸೆಟ್‌ಟಾಪ್ ಬಾಕ್ಸ್ ಯಾವ ಕಂಪನಿಗಾದರೂ ನಡೆಯುವಂತಿರಬೇಕು ಎಂದು ಶಿಫಾರಸು ಮಾಡಿತ್ತು. ಗ್ರಾಹಕನ ಹಕ್ಕಿನ ಪ್ರಶ್ನೆಯಿದು. ದುಡ್ಡು ಕೊಟ್ಟು ಪಡೆದ ಚಾನೆಲ್ಲನ್ನು ತನ್ನದೇ ಸಾಧನದಲ್ಲಿ ನೋಡುವ ದಾರಿ ತೆರೆಯಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಅಷ್ಟೆಲ್ಲ ಖರ್ಚು ಬೇಡ ಎನ್ನುವವರಿಗೆ ಫ್ರೀ ಡಿಶ್‌ನಲ್ಲೇ ಒಂದು ಬಡವರ ದಾರಿ ಇದೆ. ಅಂಗಡಿಯಲ್ಲಿ ಸಿಗುವ ಎಂಪೆಗ್-4 ಫ್ರೀ ಡಿಶ್ ಬಾಕ್ಸ್‌ಗಳಲ್ಲಿ ಅನೇಕಕ್ಕೆ ಯುಎಸ್‌ಬಿ ರೆಕಾರ್ಡಿಂಗ್ ಇರುತ್ತದೆ. ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಒತ್ತಿ, ಮುಗಿದ ಮೇಲೆ ತಂದು ಕಂಪ್ಯೂಟರಿಗೆ ಹಾಕಿ. ಹೆಚ್ಚಿನವು ಉಳಿಸುವುದು ಸಾದಾ ಟಿಎಸ್ ವಿಡಿಯೊ ಕಡತ, ವಿಎಲ್‌ಸಿ ಪ್ಲೇಯರ್ ಅದನ್ನು ತಕ್ಷಣ ತೆರೆಯುತ್ತದೆ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗೊಮ್ಮೆ ಕಡತ ತುಂಡಾಗುತ್ತದೆ, ಅಷ್ಟೆ. ಖಾಸಗಿ ಡಿಟಿಎಚ್ ಬಾಕ್ಸ್‌ಗಳ ಯುಎಸ್‌ಬಿ ರೆಕಾರ್ಡಿಂಗ್ ಹೀಗಲ್ಲ, ಅದು ಆ ಬಾಕ್ಸಿಗೇ ಕಟ್ಟಿಹಾಕಿದ ಕಡತ, ಕಂಪ್ಯೂಟರಿನಲ್ಲಿ ತೆರೆಯದು.

ವೈರಿಂಗ್: ಯಾವ ದಾರಿ ಹಿಡಿದರೂ ತಪ್ಪದ್ದು

ಕಂಪ್ಯೂಟರಿಗೆ ಮೂರು ಪಿನ್ನಿನ ಪ್ಲಗ್, ಬಾಕ್ಸಿಗೆ ಎರಡು ಪಿನ್ನಿನ ಅಡಾಪ್ಟರ್, ತಾರಸಿಯಲ್ಲಿ ಡಿಶ್. ಮೂರಕ್ಕೂ ಅರ್ತಿಂಗ್‌ನ ವೋಲ್ಟೇಜ್ ಮಟ್ಟ ಬೇರೆ ಬೇರೆ ಆದಾಗ ಎವಿ ಚಿತ್ರದಲ್ಲಿ ಅಡ್ಡಪಟ್ಟಿ ನಿಧಾನಕ್ಕೆ ತೇಲುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ತಂತಿ ಚುಚ್ಚುವಾಗ ಬೆರಳಿಗೆ ಚುರುಕ್ ಎನ್ನುತ್ತದೆ. ಟಿವಿ, ಬಾಕ್ಸ್, ಕಂಪ್ಯೂಟರ್ ಮೂರನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ. ಆ ಪಾಯಿಂಟಿಗೆ ಅರ್ತಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರನೇ ರಂಧ್ರ ಇದ್ದು ಅದರ ಹಿಂದೆ ವೈರೇ ಇರುವುದಿಲ್ಲ. ಎಚ್‌ಡಿಎಂಐ ತಂತಿ ಚುಚ್ಚುವಾಗ, ಕೀಳುವಾಗ ಎರಡೂ ಕಡೆ ಸ್ವಿಚ್ ಆರಿಸಿರಿ.

ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನ ಮಳೆಗೆ ಡಿಶ್ ವೈರ್ ಒಂದು ತೆರೆದ ಬಾಗಿಲು. ಸಿಡಿಲು ಹತ್ತಿರದಲ್ಲಿ ಬಿದ್ದರೂ ಸಾಕು, ಆ ವೈರಿನಲ್ಲಿ ಬರುವ ಏಟು ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿವಿಯ ಪೋರ್ಟಿಗೂ ಕಂಪ್ಯೂಟರಿನ ಬೋರ್ಡಿಗೂ ಹಬ್ಬಬಹುದು. ಬಾಕ್ಸ್ ಒಂದೇ ಇದ್ದಾಗ ಹೋಗುತ್ತಿದ್ದದ್ದು ಒಂದೆರಡು ಸಾವಿರದ ಸಾಮಾನು. ಎಲ್ಲ ಜೋಡಿಸಿದ ಮೇಲೆ ಮನೆಯ ಫೋಟೊ, ವಿಡಿಯೊ ಇರುವ ಹಾರ್ಡ್‌ಡಿಸ್ಕ್ ಕೂಡ ಅದೇ ಸಾಲಿನಲ್ಲಿ ನಿಂತಿರುತ್ತದೆ. ಡಿಶ್‌ನ ವೈರ್ ಮನೆಯೊಳಗೆ ಬರುವ ಜಾಗದಲ್ಲಿ ಅರ್ತಿಂಗ್ ಬ್ಲಾಕ್ ಹಾಕಿಸಿ. ಅದು ಹತ್ತಿರದಲ್ಲೇ ಬಿದ್ದ ಸಿಡಿಲನ್ನು ಪೂರ್ತಿ ತಡೆಯುವುದಿಲ್ಲ, ಆದ್ದರಿಂದ ಮೋಡ ಕಟ್ಟುತ್ತಿರುವಾಗಲೇ ಡಿಶ್ ವೈರಿನ ತುದಿಯ ಎಫ್-ಕನೆಕ್ಟರನ್ನು ತಿರುಗಿಸಿ ಬಿಚ್ಚಿಡುವ ಅಭ್ಯಾಸ ಬೇಕು. ಗುಡುಗು ಶುರುವಾದ ಮೇಲೆ ಆ ವೈರನ್ನು ಮುಟ್ಟಲೇಬಾರದು. ಹಾಗೆ ಬೇಗ ಬಿಚ್ಚಲು ಅನುಕೂಲವಾಗುವಂತೆ ವೈರಿನ ತುದಿಯನ್ನು ಗೂಡಿನ ಹಿಂದೆ ಹುದುಗಿಸದೆ, ಕೈಗೆ ಸಿಗುವ ಬದಿಯಲ್ಲಿ ತಂದು ಕೊಡಲು ಡಿಶ್ ಹುಡುಗನಿಗೆ ಮೊದಲೇ ಹೇಳಿ.